ಸಾಕ್ಷ್ಯಚಿತ್ರ ಮತ್ತು ಚೌಕಟ್ಟಿನಾಚೆಯ ನೆಲ



ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಚರಿತ್ರೆ, ಸಂಸ್ಕೃತಿಗಳನ್ನು ಚಿತ್ರಿಸಲು ಬರುವ ಕ್ಯಾಮೆರಾ ಸಾಮಾನ್ಯವಾಗಿ ಎಲ್ಲಿ ನಿಲ್ಲುತ್ತದೆ? ಒಂದೆಡೆ ಕಡಲು, ಇನ್ನೊಂದೆಡೆ ಸೌಪರ್ಣಿಕೆ, ನಡುವೆ ಹೆದ್ದಾರಿ ಇರುವ ಮರವಂತೆಯಲ್ಲಿ. ಕೊಲ್ಲೂರಿನ ದೇಗುಲದ ಮುಂದೆ. ರಾತ್ರಿಯ ಯಕ್ಷಗಾನದ ಎದುರು. ಇವೆಲ್ಲ ಸೀಮೆಯ ಹೆಮ್ಮೆಗಳೇ ಸರಿ. ಆದರೆ ಪರಂಪರೆಯನ್ನು ದಾಖಲಿಸುವ ಚಿತ್ರವು ಅದನ್ನು ಹೊತ್ತು ಸಾಕಿದ ನೆಲವನ್ನೂ ದುಡಿಮೆಯನ್ನೂ ದಾಖಲಿಸದಿದ್ದರೆ ಸಾಕ್ಷ್ಯ ಅರ್ಧಕ್ಕೇ ನಿಲ್ಲುತ್ತದೆ.

ಬಡಗುತಿಟ್ಟಿನ ಯಕ್ಷಗಾನವನ್ನೇ ನೋಡಬಹುದು. ಅದರ ಹೆಸರಾಂತ ಶೈಲಿಗಳಾದ ಹಾರಾಡಿ, ಮಟಪಾಡಿಗಳು ಬ್ರಹ್ಮಾವರದ ಆಸುಪಾಸಿನ ಊರುಗಳ ಹೆಸರನ್ನೇ ಹೊತ್ತಿವೆ. ಮಂದಾರ್ತಿ, ಮಾರಣಕಟ್ಟೆಯಂಥ ಮೇಳಗಳು ಮಳೆಗಾಲ ಕಳೆದ ಮೇಲೆ ತಿರುಗಾಟಕ್ಕೆ ಹೊರಟು, ಮರಳಿ ಮಳೆ ಹಿಡಿಯುವ ಮುನ್ನ ಗೆಜ್ಜೆ ಬಿಚ್ಚುತ್ತವೆ. ಕೊಯ್ಲು ಮುಗಿದ ಗದ್ದೆಯೇ ರಂಗಸ್ಥಳವಾಗುತ್ತದೆ. ಬಯಲಾಟವೆಂಬ ಹೆಸರಿನಲ್ಲೇ ಬಯಲು ಇದೆ. ಎಳೆಯ ವೀರರ ಶಿರೋಭೂಷಣಕ್ಕೆ ಕೇದಗೆ ಮುಂದಲೆ ಎನ್ನುತ್ತಾರೆ. ಹಳ್ಳದ ದಂಡೆಯ ಮಣ್ಣನ್ನು ಬೇರುಗಳಿಂದ ಹಿಡಿದಿಡುವ ಗಿಡ ಆ ಕೇದಗೆ. ಚಿತ್ರದಲ್ಲಿ ಮುಂದಲೆ ಕಾಣುತ್ತದೆ, ಕೇದಗೆ ಕಾಣುವುದಿಲ್ಲ. ದಂಡೆಗೆ ಕಲ್ಲು ಕಟ್ಟಿ ಪೊದೆ ಕಡಿದ ದಿನ, ಕಲೆಯ ಒಂದು ಪದಕ್ಕೆ ಅರ್ಥ ತೋರಿಸುವ ಗಿಡವೇ ಇಲ್ಲವಾಗುತ್ತದೆ.

ಹೊರಗಿನವರು ಬಂದು ತೆಗೆಯಲಿ ಎಂದು ಕಾಯದ ಪರಂಪರೆಯೂ ಈ ಸೀಮೆಗಿದೆ. ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರು 1930ರ ಸುಮಾರಿಗೇ ಮೂಕಿ ಚಿತ್ರಗಳ ತಯಾರಿಗೆ ಕೈಹಾಕಿದ್ದರು. ಆದರೆ ಭಾರತದ ಮೂಕಿ ಚಿತ್ರಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ಅಂದಿನ ನೈಟ್ರೇಟ್ ಫಿಲ್ಮು ಬೆಂಕಿಗೂ ಸೆಖೆಗೂ ಬೇಗ ಬಲಿಯಾಗುವಂಥದು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ಚಿತ್ರ ತೆಗೆಯುವುದು ಅರ್ಧ ಕೆಲಸ; ಕಾಪಾಡುವುದು ಉಳಿದರ್ಧ.

ದೂರದ ಇನ್ನೊಂದು ಗುಡ್ಡಗಾಡಿನ ಅನುಭವ ಇಲ್ಲಿ ಉಪಯುಕ್ತ. ಅಮೆರಿಕದ ಅಪಲೇಚಿಯ ಬೆಟ್ಟಸಾಲಿನ ಕೆಂಟಕಿ ರಾಜ್ಯದಲ್ಲಿ, ವೈಟ್ಸ್‌ಬರ್ಗ್ ಎಂಬ ಸಣ್ಣ ಪಟ್ಟಣದಲ್ಲಿ 1969ರಲ್ಲಿ ಆಪಲ್‌ಶಾಪ್ ಎಂಬ ಚಿತ್ರ ಕಾರ್ಯಾಗಾರ ಆರಂಭವಾಯಿತು. ಕಲ್ಲಿದ್ದಲ ಗಣಿಯ ನಾಡಿನ ಯುವಕರು ತಮ್ಮ ಊರಿನ ಗಣಿ ಕಾರ್ಮಿಕರನ್ನು, ಸೂಲಗಿತ್ತಿಯರನ್ನು, ಕುರ್ಚಿ ಮಾಡುವ ಬಡಗಿಯನ್ನು ತಾವೇ ಚಿತ್ರಿಸಿದರು. ನೆರೆಯ ವೆಸ್ಟ್ ವರ್ಜೀನಿಯದ ಬಫಲೋ ಕ್ರೀಕ್ ಕಣಿವೆಯಲ್ಲಿ 1972ರ ಫೆಬ್ರವರಿ 26ರಂದು ಗಣಿ ತ್ಯಾಜ್ಯದ ಕಟ್ಟೆ ಒಡೆದು 125 ಮಂದಿ ಸತ್ತಾಗ, ಇದು ದೈವೇಚ್ಛೆ ಎಂದು ಕಂಪೆನಿ ಹೇಳಿತು. ಆಪಲ್‌ಶಾಪಿನ ಮಿಮಿ ಪಿಕರಿಂಗ್ 1975ರಲ್ಲಿ ತೆಗೆದ ಚಿತ್ರ, ಇದು ಮನುಷ್ಯನದೇ ಕೃತ್ಯ ಎಂದು ತನ್ನ ಶೀರ್ಷಿಕೆಯಲ್ಲೇ ಸಾರಿತು. ಅದೇ ಸಂಸ್ಥೆಯ ಸಂಗ್ರಹಾಲಯಕ್ಕೆ 2022ರ ಜುಲೈನಲ್ಲಿ ನೆರೆ ನುಗ್ಗಿ, ದಶಕಗಳ ಫಿಲ್ಮು, ಟೇಪುಗಳು ಕೆಸರು ನೀರಿನಲ್ಲಿ ನೆನೆದವು. ಪ್ರತಿಗಳು ಒಂದೇ ಕಡೆ ಇರಬಾರದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಇದರಿಂದ ಇಲ್ಲಿಯ ವಿದ್ಯಾರ್ಥಿಗಳು ಕಲಿಯಬೇಕಾದದ್ದೇನು? ಗಂಗೊಳ್ಳಿಯಲ್ಲಿ ಕಡಲು ಸೇರುವ ಪಂಚನದಿಗಳ ದಂಡೆಯ ಗದ್ದೆಗೆ ಉಪ್ಪುನೀರು ಏರಿತು ಎಂದು ರೈತ ದೂರಿದರೆ, ಹಿಂದೆ ಹೀಗಿರಲಿಲ್ಲ ಎಂಬುದಕ್ಕೆ ಪುರಾವೆ ಕೇಳುತ್ತಾರೆ. ಇಪ್ಪತ್ತು ವರ್ಷ ಹಿಂದಿನ ಅದೇ ಗದ್ದೆಯ ಚಿತ್ರ, ದಿನಾಂಕ ಸಹಿತ ಇದ್ದರೆ ಅದೇ ಪುರಾವೆ. ಆದುದರಿಂದ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟವನ್ನು ಚಿತ್ರಿಸುವವರು ಗೊಂಬೆಗಳೊಡನೆ ಆ ಕುದ್ರುವನ್ನೂ, ಅದನ್ನು ಸುತ್ತಿದ ನದಿಯನ್ನೂ ಚಿತ್ರಿಸಬೇಕು. ಬೈಲು, ಮಜಲು, ಬೆಟ್ಟು ಗದ್ದೆಗಳಲ್ಲಿ ಕಾರ್ತಿ, ಸುಗ್ಗಿ, ಕೊಳಕೆ ಬೆಳೆಗಳ ಕೆಲಸವನ್ನು ಉತ್ತುವುದರಿಂದ ಕಣಜದವರೆಗೆ ಸೆರೆಹಿಡಿಯಬೇಕು. ಹಿರಿಯರ ಮಾತು ಕುಂದಾಪ್ರ ಕನ್ನಡದಲ್ಲೇ ಇರಲಿ. ಅದರ ಮೇಲೆ ಪುಸ್ತಕದ ಕನ್ನಡ ಹೇರಬಾರದು. ಚಿತ್ರಿಸುವ ಮೊದಲು ಅವರ ಒಪ್ಪಿಗೆ ಪಡೆಯಬೇಕು. ಮೊದಲ ಪ್ರದರ್ಶನ ಅವರ ಅಂಗಳದಲ್ಲೇ ಆಗಬೇಕು. ಪ್ರತಿಗಳು ಶಾಲೆಯಲ್ಲೊಂದು, ಪಂಚಾಯತಿಯಲ್ಲೊಂದು, ನೆರೆ ತಲುಪದ ದೂರದ ಊರಿನಲ್ಲೊಂದು ಇರಬೇಕು.

ಬೀಜವನ್ನು ಶೀತಲಗೃಹದಲ್ಲಿ ಇಟ್ಟ ಮಾತ್ರಕ್ಕೆ ತಳಿ ಉಳಿಯಿತು ಎನ್ನಲಾಗದು. ಆಗಾಗ ಬಿತ್ತಿ ಬೆಳೆಯಬೇಕಾಗುತ್ತದೆ. ಸಾಕ್ಷ್ಯಚಿತ್ರವೂ ಅಂಥದೇ. ಅದನ್ನು ನೋಡಿದ ಊರು ಹಳ್ಳದ ದಂಡೆಯಲ್ಲಿ ಕೇದಗೆಯನ್ನು ಉಳಿಸಿಕೊಂಡಾಗ ಮಾತ್ರ ಆ ಚಿತ್ರ ಸಾರ್ಥಕ.