ಕಿತ್ತೂರ ಅರಮನೆಯ ಗೋಡೆಗಳು



ದೆಹಲಿಯ ಕೆಂಪುಕೋಟೆಯೊಳಗಿನ ದಿವಾನ್-ಇ-ಖಾಸ್ ಎಂಬ ಅಮೃತಶಿಲೆಯ ಮಂಟಪವನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಬಣ್ಣದ ಕಲ್ಲಿನ ಚೂರುಗಳನ್ನು ಶಿಲೆಯಲ್ಲಿ ಕೂರಿಸಿದ ಅದರ ಹೂಬಳ್ಳಿಗಳು ಇಂದಿಗೂ ಕಣ್ಣಿಗೆ ಹಬ್ಬ. ಅದರ ಬೆಳ್ಳಿಯ ಒಳಛಾವಣಿಯಾದರೋ 1760ರಲ್ಲಿ ಮರಾಠರ ದಂಡಿನ ಕೈಗೆ ಸಿಕ್ಕಿ ನಾಣ್ಯವಾಗಿ ಹೋಯಿತು. ಈಗ ಮೇಲೆ ಕಾಣುವುದು 1911ರಲ್ಲಿ ಬಣ್ಣವಿಟ್ಟ ಮರದ ಛಾವಣಿ. ಅಮೃತಶಿಲೆಯ ಮಂಟಪಕ್ಕೇ ಈ ಗತಿಯಾದರೆ, ಮರದಿಂದಲೂ ಗಾರೆಯಿಂದಲೂ ಕಟ್ಟಿದ ನಮ್ಮ ನಾಡಿನ ಅರಮನೆಗಳ ಪಾಡೇನು?

ಬೆಳಗಾವಿ ಜಿಲ್ಲೆಯ ಕಿತ್ತೂರನ್ನೇ ನೋಡುವಾ. 1824ನೆಯ ಅಕ್ಟೋಬರ 23ರಂದು ಥ್ಯಾಕರೆ ಹತನಾದುದು, ಡಿಸೆಂಬರಿನಲ್ಲಿ ಕೋಟೆ ಬಿದ್ದುದು, ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಾಲವಾದುದು, ಇವೆಲ್ಲ ಮಕ್ಕಳಿಗೂ ತಿಳಿದ ಸಂಗತಿ. ಆಕೆ ಬಾಳಿದ ಮನೆಯ ಗೋಡೆಯನ್ನು ನಿಂತು ನೋಡಿದವರು ಮಾತ್ರ ವಿರಳ. ಛಾವಣಿಯಿಲ್ಲದ ಗೋಡೆಗಳು, ಸ್ನಾನದ ತೊಟ್ಟಿಗಳು, ಧ್ರುವನಕ್ಷತ್ರವನ್ನು ನೋಡಲು ಇಟ್ಟುದೆಂದು ಊರವರು ತೋರಿಸುವ ಕಿಂಡಿ, ಅಲ್ಲಲ್ಲಿ ಉಳಿದ ನುಣುಪಾದ ಗಾರೆ: ಉಳಿದಿರುವುದು ಇಷ್ಟೆ.

ಈ ಗಾರೆಯೇ ಅಲ್ಲಿಯ ಅಲಂಕಾರ. ಸುಣ್ಣವನ್ನು ನೆನೆಯಿಟ್ಟು, ಮರಳಿನೊಡನೆ ಅರೆದು, ಬಳಿದು, ಮೇಲೆ ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಗೋಡೆಯೊಳಗಿನ ತೇವವನ್ನು ಗಾರೆ ಹೊರಬಿಡುವುದು, ಸಿಮೆಂಟು ಬಿಡದು. ಅವಸರದಲ್ಲಿ ಸಿಮೆಂಟು ಮೆತ್ತಿದ ಹಳೆಯ ಗೋಡೆಯಲ್ಲಿ ನೀರು ಒಳಗೇ ನಿಂತು, ಉಪ್ಪು ಉಕ್ಕಿ, ಪಕ್ಕದ ಹಳೆಯ ಗಾರೆಯೂ ಹಪ್ಪಳದಂತೆ ಎದ್ದು ಬೀಳುತ್ತದೆ. ರಕ್ಷಣೆಯೆಂಬ ಹೆಸರಿನಲ್ಲಿ ನಡೆಯುವ ಹಾನಿಗಳಲ್ಲಿ ಇದಕ್ಕಿಂತ ಸಾಮಾನ್ಯವಾದುದು ಇನ್ನೊಂದಿಲ್ಲವೆಂದು ತೋರುತ್ತದೆ.

2022ರಲ್ಲಿ ಈ ಅರಮನೆಯ ಪ್ರತಿರೂಪವನ್ನು ಕಟ್ಟುವ ಸರ್ಕಾರದ ಯೋಜನೆ ಹೊರಬಿದ್ದಾಗ, ಅದು ಎಲ್ಲಿರಬೇಕೆಂಬ ವಾದವೂ ಎದ್ದಿತು. ಅಭಿಮಾನವನ್ನು ನಾವು ಹಳಿಯಲಾರೆವು. ಆದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ತನ್ನು ನೆನೆಯಿರಿ. 1784ರ ಆ ಮಂಟಪದ ಗೋಡೆಯ ಮೇಲಿನ ಪೊಳ್ಳಿಲೂರು ಕದನದ ಚಿತ್ರ ಕೆಟ್ಟುಹೋಗಿತ್ತು. ಡಾಲ್‌ಹೌಸಿಯ ಆಜ್ಞೆಯಂತೆ ಅದನ್ನು ಮತ್ತೆ ಬರೆಯಿಸಿದಾಗ ಮೂಲವನ್ನು ಬಲ್ಲ ಚಿತ್ರಗಾರನೊಬ್ಬನು ಇದ್ದನಂತೆ. ಕಿತ್ತೂರಿಗೆ ಆ ಭಾಗ್ಯವಿಲ್ಲ. ಚೆನ್ನಮ್ಮನವರ ಪಡಸಾಲೆಯ ಬಣ್ಣವನ್ನು ಕಂಡ ಕಣ್ಣುಗಳು ಇಂದು ಎಲ್ಲಿವೆ? ಪ್ರತಿರೂಪ ಬೇಕೆಂಬವರು ಬೇರೆಡೆ ಕಟ್ಟಲಿ. ಈ ಗೋಡೆಗಳ ಮೇಲೆ ಊಹೆಯ ಬಣ್ಣ ಬೀಳದಿರಲಿ.

ಇಲ್ಲಿ ಆಗಬೇಕಾದುದು ಸಣ್ಣ ಕೆಲಸ, ಉದ್ಘಾಟನೆಯ ಭಾಗ್ಯವಿಲ್ಲದ ಕೆಲಸ. ಪ್ರತಿ ಮುಂಗಾರಿಗೆ ಮುನ್ನ ಗೋಡೆಗಳ ನೆತ್ತಿಯನ್ನು ಪರೀಕ್ಷಿಸಿ, ಬೇರೂರಿದ ಗಿಡಗಳನ್ನು ಕಿತ್ತು, ಬಿರುಕುಗಳಿಗೆ ಸುಣ್ಣದ ಗಾರೆಯನ್ನೇ ತುಂಬಬೇಕು. ಆ ಗಾರೆಯನ್ನು ಅರೆಯಬಲ್ಲ ಮುದುಕರು ಇರುವಾಗಲೇ ಅವರ ಪಕ್ಕದಲ್ಲಿ ನಾಲ್ಕು ಮಂದಿ ಹುಡುಗರನ್ನು ಕೂರಿಸಬೇಕು.