ಹಳೇ ಕಾರ್ಖಾನೆಯಲ್ಲಿ ಸರ್ವರ್ ಸಂಸಾರ

"ನಿಮ್ಮ ಕೆಲಸ ಎಂಥದ್ದು?" ಅಂತ ಪ್ರಾಸ್ಪರ್‌ನಲ್ಲಿ ಬಹಳ ಮಂದಿ ಕೇಳ್ತಾರೆ. ಸಾಫ್ಟ್‌ವೇರ್ ಅಲ್ಲ ಅಂದ್ರೆ ನಂಬೋದಿಲ್ಲ ನೋಡ್ರಿ. ಸಾಫ್ಟ್‌ವೇರ್ ಓಡೋ ಸರ್ವರ್‌ಗಳಿಗೆ ಮನೆ ಸಿದ್ಧ ಮಾಡೋದು ನನ್ನ ಕೆಲಸ. ಅದೂ ಬಹುಪಾಲು ಹಳೇ ಕಟ್ಟಡಗಳಲ್ಲಿ.

ಹಳೆಯದೇ ಯಾಕೆ? ಇಲ್ಲೇ ಇರ್ವಿಂಗ್‌ನಲ್ಲಿ ಮ್ಯಾಕ್ಸಿಮ್ ಕಂಪನಿಯ ಚಿಪ್ ಕಾರ್ಖಾನೆಯನ್ನು ಕ್ಯೂಟಿಎಸ್‌ನವರು 2013ರಲ್ಲಿ ಕೊಂಡು ಡೇಟಾ ಸೆಂಟರ್ ಮಾಡಿದರು. ಶಿಕಾಗೋದಲ್ಲಿ ಡಾನೆಲಿಯವರ ಹಳೇ ಮುದ್ರಣಾಲಯ ಇವತ್ತು ಸರ್ವರ್‌ಗಳ ದೊಡ್ಡ ಛತ್ರ. ಅಚ್ಚಿನ ಯಂತ್ರ ಹೊತ್ತ ನೆಲಕ್ಕೆ ಬ್ಯಾಟರಿ, ರ್‍ಯಾಕ್‌ಗಳು ಭಾರವಲ್ಲ. ಜೊತೆಗೆ ಕಾರ್ಖಾನೆಗೆ ದೊಡ್ಡ ಕರೆಂಟ್ ಲೈನು ಮೊದಲೇ ಬಂದಿರ್ತದೆ. ಹೊಸದಾಗಿ ಕೇಳಿದ್ರೆ ವರ್ಷಗಟ್ಟಲೆ ಕಾಯಬೇಕಾಗಬಹುದು.

ಆದರೆ ಹಳೇ ಮನೆ ಹಿಡಿದವರಿಗೆ ಹಳೇ ಕಸವೂ ಬರ್ತದೆ. ನಾನು ಬಂದ ಹೊಸತರಲ್ಲಿ ಒಂದು ಕಡೆ ಹಳೇ ರೈಸ್ಡ್ ಫ್ಲೋರನ್ನು ಹಾಗೇ ಉಳಿಸಿಕೊಂಡಿದ್ದರು. ಒಂದು ಟೈಲ್ ಎತ್ತಿ, ಅಡಿಗೆ ಟಾರ್ಚ್ ಓರೆಯಾಗಿ ಹಿಡಿದೆ. ಸತುವಿನ ಲೇಪದ ಮೇಲೆ ನವಿರಾದ ರೋಮ ಮಿಣಮಿಣ ಅಂತು. ಜಿಂಕ್ ವಿಸ್ಕರ್ ಅಂತಾರೆ, ಸತುವಿನ ಮೀಸೆ! ತಾನಾಗೇ ವರ್ಷಾನುಗಟ್ಟಲೆ ಬೆಳೀತದೆ. ತಲೆಗೂದಲಿಗಿಂತ ಎಷ್ಟೋ ತೆಳು. ಟೈಲ್ ಅಲುಗಿದರೆ ಮುರಿದು, ನೆಲದಡಿಯಿಂದ ಊದೋ ತಂಪು ಗಾಳಿಯಲ್ಲಿ ಹಾರಿ, ಸರ್ವರ್ ಒಳಗೆ ಕೂತು ಶಾರ್ಟ್ ಮಾಡ್ತದೆ. ನಮ್ಮಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಿಂದ ಮೈತುಂಬ ಎಳೆ ಹೊತ್ತು ಬರ್ತಿದ್ದರು. ಅದು ಕಣ್ಣಿಗಾದರೂ ಕಾಣ್ತಿತ್ತು.

ಮೇಲಿನವರಿಗೆ ಮೇಲ್ ಹಾಕಿದೆ. "ಧೂಳು, ಒರೆಸಿಬಿಡು" ಅಂದರು. ಒರೆಸಿದ್ರೆ ಇನ್ನೂ ಹಾರ್ತದೆ. ಆದರೆ ನನ್ನ ವೀಸಾ ನವೀಕರಣ ಅವರ ಕೈಯಲ್ಲಿತ್ತು, ಮನೆಯಲ್ಲಿ ಹೆಂಡತಿ ಬಸುರಿ. ಸುಮ್ಮನಾದೆ.

ಟೈಲ್ ಎತ್ತಿ ಕೇಬಲ್ ಎಳೆದ ವಾರದಲ್ಲೇ ಪವರ್ ಸಪ್ಲೈಗಳು ಒಂದೊಂದಾಗಿ ಸತ್ತವು. ತಪ್ಪು ಕೇಬಲ್ ಎಳೆದ ಗುತ್ತಿಗೆ ಹುಡುಗನ ತಲೆಗೆ ಬಂತು. ಮೂರು ರಾತ್ರಿ ನಿದ್ದೆ ಇಲ್ಲ. ನಾಲ್ಕನೇ ದಿನ ಮೀಟಿಂಗ್‌ನಲ್ಲಿ ಹಳೇ ಮೇಲ್, ಫೋಟೋ ಎರಡನ್ನೂ ಎಲ್ಲರ ಮುಂದೆ ಇಟ್ಟೆ. ಕೈ ನಡುಗ್ತಿತ್ತು. ನೆಲ ಪೂರ್ತಿ ಕಿತ್ತು ಹೊಸದು ಹಾಕಿದರು. ಹುಡುಗನ ಕೆಲಸ ಉಳೀತು. ನನ್ನ ವೀಸಾನೂ ಬಂತು, ತಡವಾಗಿ.

ಈಗ ಯಾವ ಹಳೇ ಕಟ್ಟಡಕ್ಕೆ ಹೋದ್ರೂ ಮೊದಲು ಒಂದು ಟೈಲ್ ಎತ್ತಿ ನೋಡ್ತೀನಿ. ಇಲ್ಲಿ ಈ ಕೆಲಸದವರು ನಾಲ್ಕೈದು ಮಂದಿ ಇದ್ದೀರಿ. ಟಾರ್ಚ್ ಬೇಕಾದ್ರೆ ಊಟದ ಹೊತ್ತಿಗೆ ತೋರಿಸ್ತೀನಿ, ಕಾರಿನಲ್ಲೇ ಇದೆ.