ಭೂಪಟದ ಮೇಲೊಂದು ಗೆರೆ

ಬಾಲ್ಯದಲ್ಲಿ ನಾನು ಚೀನದ ಭೂಪಟವನ್ನು ಒಂದೇ ಬಣ್ಣದಿಂದ ತುಂಬುತ್ತಿದ್ದೆ. ಅಲ್ಲಿ ಎಲ್ಲೆಡೆಯೂ ಜನ ಕಿಕ್ಕಿರಿದಿರುವರೆಂದೇ ನನ್ನ ಎಣಿಕೆ. ಅದನ್ನು ತಿದ್ದಿದ್ದು ಒಂದು ಗೆರೆ. 1935ರಲ್ಲಿ ಭೂಗೋಳಶಾಸ್ತ್ರಜ್ಞ ಹು ಹುವಾನ್‌ಯೋಂಗ್ ಅವರು ಈಶಾನ್ಯದ ಐಹುಯಿಯಿಂದ ನೈಋತ್ಯದ ತೆಂಗ್‌ಚೋಂಗ್‌ವರೆಗೆ ಎಳೆದ ಗೆರೆಯದು. ಅಂದಿನ ಲೆಕ್ಕದಂತೆ ಅದರ ಪೂರ್ವದ ಪಾಲಿಗೆ ಶೇಕಡಾ 36ರಷ್ಟು ನೆಲ, 96ರಷ್ಟು ಜನ. ಇಂದಿಗೂ ನೂರರಲ್ಲಿ 90ಕ್ಕೂ ಮಿಕ್ಕಿ ಜನ ಅತ್ತಲೇ ಇದ್ದಾರೆ.

ಮುಖ್ಯ ಕಾರಣ ಮಳೆ. ಪೂರ್ವಕ್ಕೆ ಮಾನ್ಸೂನು ತಲುಪುತ್ತದೆ. ಅಲ್ಲಿ ಉತ್ತರಕ್ಕೆ ಗೋಧಿ, ದಕ್ಷಿಣಕ್ಕೆ ಭತ್ತ. ಪಶ್ಚಿಮದಲ್ಲಿ ಮರುಭೂಮಿ, ಹುಲ್ಲುಗಾವಲು, ಟಿಬೆಟಿನ ಪ್ರಸ್ಥಭೂಮಿ.

ಜನ ವಿರಳವೆಂದ ಮಾತ್ರಕ್ಕೆ ಆ ನೆಲ ಬರಿದಲ್ಲ. ಟಿಬೆಟನ್ನರು, ಉಯಿಗುರರು, ಮಂಗೋಲರು ತಂತಮ್ಮ ನುಡಿ, ಲಿಪಿಗಳೊಡನೆ ಬಾಳಿಬಂದ ನಾಡು ಅದು. ಆದರೆ ದೇಶಕ್ಕೆಲ್ಲ ಒಂದೇ ಬೀಜಿಂಗ್ ಕಾಲಮಾನ. ಆ ಗಡಿಯಾರದಂತೆ ಪಶ್ಚಿಮದಂಚಿನ ಕಾಷ್ಗರಿನಲ್ಲಿ ಸೂರ್ಯ ನೆತ್ತಿಗೇರುವುದು ಮಧ್ಯಾಹ್ನ 3ರ ಸುಮಾರಿಗೆ! ಅಲ್ಲಿಯ ಉಯಿಗುರರು ಬಹುಕಾಲದಿಂದ ಎರಡು ಗಂಟೆ ಹಿಂದಿನ ಸ್ಥಳೀಯ ವೇಳೆಯನ್ನು ಪಾಲಿಸಿಬಂದಿದ್ದಾರೆ.

ಬಹುಜನರ ಗಡಿಯಾರವೇ ಎಲ್ಲರ ಗಡಿಯಾರವಾದಾಗ, ಉಳಿದವರ ಹೊತ್ತನ್ನು ಎಣಿಸುವವರಾರು? ದೊಡ್ಡ ದೇಶವೊಂದನ್ನು ಅರಿಯಬಯಸುವವರು ಮೊದಲು ಕೇಳಬೇಕಾದ ಪ್ರಶ್ನೆಯಿದು. ಕೇಳುಗರೇ, ಒಂದೇ ಗಡಿಯಾರದ ನಮ್ಮ ದೇಶಕ್ಕೂ ಇದು ಸಲ್ಲುತ್ತದೆ.